ಮೂರಲಗಿನ ಚಾಕು ಗಡಿ ದಾಟಿದ್ದು

ಕೋಲಸಿರ್ಸಿ

ನಾನು ಪರದೇಶಕ್ಕೆ ಹೋಗಿ ಬಂದವನು ಎಂದರೆ ಸಿದ್ದಾಪುರದ ಪೇಟೆಯಲ್ಲಿ ಈಗ ಯಾರೂ ನಂಬುವುದಿಲ್ಲ. ನಾನು ಹಡಗು ಹತ್ತಲಿಲ್ಲ, ಕೋಟು ಹೊಲಿಸಲಿಲ್ಲ. ಬೆಂಗಳೂರಿಗಿಂತ ಕಡಿಮೆ ದೂರ ಹೋಗಿ ಬಂದೆ. ಆದರೂ ಅದು ಪರದೇಶವೇ. ಗೋವೆ ಆಗ ಇನ್ನೂ ಪೋರ್ತುಗೀಜರ ಕೈಯಲ್ಲಿತ್ತು. ಗಡಿಯೂರು ಮಾಜಾಳಿಯ ಆಚೆ ಅವರ ಬಂದೂಕು ಕಾಯುತ್ತಿತ್ತು. ಪರವಾನಗಿ ಇಲ್ಲದೆ ನಾಯಿ, ಕಾಗೆ ಬಿಟ್ಟರೆ ಇನ್ನಾರೂ ದಾಟುವ ಹಾಗಿರಲಿಲ್ಲ. ಗೋವೆ ನಮ್ಮದಾಗುವ ಮುಂಚಿನ ಬೇಸಿಗೆಯ ಮಾತಿದು.

ಹೋದದ್ದು ಅಕ್ಕನನ್ನು ಕರೆತರಲು. ಕನ್ನೆ ಎಂಬ ಹೆಸರಿನ ನನ್ನ ಅಕ್ಕನನ್ನು ಅಂಕೋಲೆ ಕಡೆಯ ಬೀರಣ್ಣನಿಗೆ ಕೊಟ್ಟಿದ್ದೆವು. ಬೀರಣ್ಣ ಭಾವ ಮಡಗಾಂವದಲ್ಲಿ ಅದಿರು ಸಾಗಿಸುವ ಲಾರಿಯ ಡ್ರೈವರು. ಮದುವೆಯಾದ ಮರುವರ್ಷವೇ ಗಡಿ ಮುಚ್ಚಿತು. ಮೊದಲ ಬಾಣಂತನಕ್ಕೆ ಅಕ್ಕನಿಗೆ ತವರಿಗೆ ಬರಲಾಗಲಿಲ್ಲ. ಕೂಸು ಅಲ್ಲೇ ಹುಟ್ಟಿ, ವಾರ ತುಂಬುವ ಮೊದಲೇ ಅಲ್ಲೇ ಹೋಯಿತು. ಈಗ ಅವಳು ಮತ್ತೆ ಏಳು ತಿಂಗಳ ಬಸುರಿ. ಈ ಸಲ ಹೆರಿಗೆ ನಮ್ಮೂರು ಕೋಲಸಿರ್ಸಿಯಲ್ಲೇ ಆಗಬೇಕೆಂದು ಅವ್ವ ಹಟ ಹಿಡಿದಳು. ನಾನು ಕಾರವಾರದ ಕಚೇರಿಗೆ ಅಲೆದು ಚಪ್ಪಲಿ ಸವೆಸಿ ಪರವಾನಗಿ ತಂದೆ. ಆ ಕಡೆ ಭಾವ ಅಕ್ಕನ ಹೆಸರಿಗೆ ಮಾಡಿಸಿದ. ಅವನಿಗೆ ಮಾತ್ರ ಸಿಗಲಿಲ್ಲ.

ಇನ್ನು ಚಾಕಿನ ವಿಷಯ. ನಾನು ಸಿದ್ದಾಪುರದ ಒಂದು ದಲಾಲಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಚಾಕು ಇಲ್ಲದವನಿಗೆ ಕೈಯೇ ಇಲ್ಲ. ಗೋಣಿಯ ಹೊಲಿಗೆ ಬಿಚ್ಚಬೇಕು, ಸುತಳಿ ಕತ್ತರಿಸಬೇಕು, ಶುಂಠಿ ಮುರಿದು ಒಳಗಿನ ನಾರು ನೋಡಬೇಕು, ಕಿವಿಯ ಮೇಲಿನ ಪೆನ್ಸಿಲ್ಲು ಚೂಪು ಮಾಡಬೇಕು. ಬನವಾಸಿಯ ಗಾಡಿಯವರು ಅನಾನಸು ತಂದರೆ ಅದನ್ನು ಹೆಚ್ಚಿ ಎಲ್ಲರಿಗೂ ಹಂಚುವ ಕೆಲಸವೂ ನನ್ನದೇ. ಇದಕ್ಕೆಲ್ಲ ನನ್ನ ಕಿಸೆಯಲ್ಲಿದ್ದದ್ದು ಎರಡು ಅಲಗಿನ ಮಡಚು ಚಾಕು. ಮದುವೆಯ ದಿನ ಭಾವ ಕೊಟ್ಟದ್ದು.

ಕೊಟ್ಟದ್ದೇ ತಪ್ಪಾಯಿತು. ನಮ್ಮಲ್ಲಿ ಚಾಕು, ಕತ್ತಿ, ಸೂಜಿ ಯಾವುದನ್ನೂ ಕೈಯಿಂದ ಕೈಗೆ ಕೊಡುವುದಿಲ್ಲ. ಕೊಡುವವನು ನೆಲದ ಮೇಲಿಡಬೇಕು, ಬೇಕಾದವನು ಎತ್ತಿಕೊಳ್ಳಬೇಕು. ಕೈಗೇ ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ನಡುವಿನ ನಂಟು ಕಡಿಯುತ್ತದೆ. ಭಾವ ಸಂತೋಷದ ಗಡಿಬಿಡಿಯಲ್ಲಿ ನನ್ನ ಅಂಗೈಯಲ್ಲೇ ಇಟ್ಟು ಬೆರಳು ಮಡಚಿಬಿಟ್ಟ. ಅವ್ವ ನೋಡಿದಳು. ಆಮೇಲೆ ಗಡಿ ಮುಚ್ಚಿದ್ದು, ಕೂಸು ಹೋದದ್ದು, ಎಲ್ಲವನ್ನೂ ಅವಳು ಆ ಚಾಕಿನ ಲೆಕ್ಕಕ್ಕೇ ಬರೆದಳು.

ನಾನು ಹೊರಡುವ ದಿನ ಅವ್ವ ಜಗಲಿಗೆ ಬಂದು ನಿಂತಳು.

"ಆ ಚಾಕು ಅವರ ಮನೆ ಹೊಸ್ಲಿ ಮೇಲೆ ಇಟ್ಟು ಬಾ. ವಾಪಸ್ ತರಬ್ಯಾಡ."

"ಎಂತಕ್ಕೆ ಅವ್ವ? ಒಳ್ಳೆ ಚಾಕು."

"ಒಳ್ಳೇದು ಹೌದು, ಅದ್ಕೇ ಇಷ್ಟ್ ಚೆಂದ ಕಡದದೆ. ಮತ್ತೆ ಇನ್ನೊಂದು ಮಾತು. ಬಸುರಿ ಹೆಂಗ್ಸು ಹೊಳೆ, ಗಡಿ ದಾಟೂಕೆ ಜೊತೆಗೆ ಕಬ್ಬಿಣ ಇರಬೇಕು. ಅಲ್ಲೇ ಒಂದು ಹೊಸ ಚಾಕು ನೋಡಿ ತಗ. ನೀನೇ ಆರಿಸು, ನೀನೇ ದುಡ್ಡು ಕೊಡು. ಅವ ಕೊಟ್ಟಿದ್ದು ಬ್ಯಾಡ."

ನಾನು ನಕ್ಕೆ. ಅವ್ವ ನಗಲಿಲ್ಲ. ನಂಬುವುದಿಲ್ಲ ಎಂದು ಜಂಬ ಕೊಚ್ಚುತ್ತಿದ್ದ ನಾನೇ ಬಸ್ಸು ಹತ್ತುವಾಗ ಚಾಕು ಕಿಸೆಯಲ್ಲಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿದೆ.

ಶಿರಸಿಯಿಂದ ಮಾಜಾಳಿ

ಶಿರಸಿಯಲ್ಲಿ ಬಸ್ಸು ಬದಲಿಸಿ, ದೇವಿಮನೆ ಘಟ್ಟ ಇಳಿದು, ಕುಮಟೆ, ಅಂಕೋಲೆ ಹಾದು ಕಾರವಾರ. ದಾರಿಯುದ್ದಕ್ಕೂ ನನ್ನ ಕೈ ಕಿಸೆಯೊಳಗೇ ಇತ್ತು. ಇಷ್ಟು ವರ್ಷ ನನ್ನ ತೊಡೆಗೆ ಒತ್ತಿಕೊಂಡು ಬೆಳೆದ ಚಾಕು. ಅದರ ಹಿಡಿಯ ಮೇಲಿನ ಗೆರೆಗಳು ನನ್ನ ಹೆಬ್ಬೆರಳಿಗೆ ಬಾಯಿಪಾಠವಾಗಿದ್ದವು. ಅದನ್ನು ಬಿಟ್ಟು ಬರಬೇಕೆಂದು ನೆನೆದಾಗ ಅವ್ವನ ಮೇಲೆ ಸಿಟ್ಟು ಬರುತ್ತಿತ್ತು. ಅಕ್ಕನ ಮುಖ ನೆನಪಾದಾಗ ಸಿಟ್ಟು ಇಳಿಯುತ್ತಿತ್ತು.

ಕಾಳಿ ಹೊಳೆಯನ್ನು ದೋಣಿಯಲ್ಲಿ ದಾಟಿ ಮಾಜಾಳಿ ಮುಟ್ಟಿದೆ. ನಮ್ಮ ಠಾಣೆಯವರು ಎರಡೇ ದಿನದ ಪರವಾನಗಿಯನ್ನು ಹಿಂದೆ ಮುಂದೆ ತಿರುಗಿಸಿ, ಕೊನೆಯ ದಿನ ಹೊತ್ತು ಮುಳುಗುವ ಮೊದಲು ವಾಪಸು ಬರಬೇಕು, ತಪ್ಪಿದರೆ ನಾವೇನೂ ಮಾಡಲಾರೆವು ಎಂದರು. ಅಲ್ಲಿಂದ ಎರಡೂ ದೇಶಕ್ಕೆ ಸೇರದ ಒಂದು ತುಂಡು ರಸ್ತೆ. ಆ ತುಂಡಿನಲ್ಲಿ ನಡೆಯುವಾಗ ನನ್ನ ಚಪ್ಪಲಿಯ ಸದ್ದು ನನಗೇ ದೊಡ್ಡದಾಗಿ ಕೇಳಿತು. ಆಚೆ ಪೊಳೆಂನಲ್ಲಿ ಪೋರ್ತುಗೀಜರ ತಗಡಿನ ಮಾಡಿನ ಠಾಣೆ, ಎದುರಿಗೆ ಬಂದೂಕು ಹಿಡಿದ ಬಿಳಿಯ ಸಿಪಾಯಿ. ಇಂಥವರನ್ನು ಅಲ್ಲಿಯ ಜನ ಪಾಕ್ಲೊ ಎನ್ನುತ್ತಾರೆ. ಬಿಸಿಲಿಗೆ ಅವನ ಮೂಗಿನ ಚರ್ಮ ಸುಲಿದಿತ್ತು. ನನ್ನ ಗಂಟು ಬಿಚ್ಚಿಸಿ ಅವ್ವ ಕಟ್ಟಿಕೊಟ್ಟ ಅಂಟಿನುಂಡೆಯನ್ನು ಮೂಸಿದ, ಒಂದನ್ನು ಒಡೆದು ನೋಡಿದ. ಕಿಸೆ ಮುಟ್ಟಲಿಲ್ಲ. ನಾನು ಬದುಕಿದೆ ಎಂದುಕೊಂಡು ಗೋವೆಯ ಬಸ್ಸು ಹತ್ತಿದೆ.

ಮಡಗಾಂವ, ಮೊದಲ ಸಂಜೆ

ಭಾವನ ಬಿಡಾರ ಊರ ಅಂಚಿನಲ್ಲಿ ಒಬ್ಬ ಕ್ರಿಸ್ತಾಂವ ಮುದುಕಿಯ ಮನೆಯ ಹಿತ್ತಿಲಲ್ಲಿತ್ತು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಮುಖ ಇಳಿದಿತ್ತು, ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ನನ್ನನ್ನು ಕಂಡವಳೇ ಒಂದು ಕೈಯಿಂದ ಬಾಗಿಲು ಹಿಡಿದು, ಇನ್ನೊಂದರಿಂದ ನನ್ನ ತಲೆ ಸವರಿ, "ಎಷ್ಟ್ ದೊಡ್ಡವ ಆಗ್ಬಿಟ್ಯೋ ತಮಾ" ಎಂದು ಅತ್ತಳು. ನನಗೂ ತಡೆಯಲಾಗಲಿಲ್ಲ.

ಭಾವ ಕೆಲಸ ಮುಗಿಸಿ ಮೈಯೆಲ್ಲ ಕೆಂಪು ಧೂಳು ಮಾಡಿಕೊಂಡು ಬಂದ. ನಾನು ಮಾತು ತಡಮಾಡಿದರೆ ಧೈರ್ಯ ಬರುವುದಿಲ್ಲವೆಂದು, ಅವನು ಕಾಲು ತೊಳೆದು ಒಳಗೆ ಬರುವ ಹೊತ್ತಿಗೆ ಚಾಕನ್ನು ಹೊಸ್ತಿಲ ಮೇಲಿಟ್ಟುಬಿಟ್ಟೆ. ಇಡುವ ಹೊತ್ತು ಅದಲ್ಲ ಎಂದು ಅವನ ಮುಖ ನೋಡಿದ ಮೇಲೆ ತಿಳಿಯಿತು.

"ಇದೆಂತದು ಗಣಪ?"

"ಅವ್ವ ಹೇಳಿ ಕಳಿಸ್ಯಾಳೆ ಭಾವ. ಇದು ನಿಮಗೇ ಮುಟ್ಟಬೇಕಂತೆ."

"ಮದ್ವೇಲಿ ನಾ ಕೊಟ್ಟಿದ್ದಲ್ವಾ?"

"ಹೌದು."

ಅವನಿಗೆ ಹೇಳಬೇಕಾಗಿರಲಿಲ್ಲ. ಅವನೂ ನಮ್ಮ ಜಿಲ್ಲೆಯವನೇ, ಆ ನಂಬಿಕೆ ಅವನ ಮನೆಯಲ್ಲೂ ಇದೆ. ಒಳಗೆ ಪಾತ್ರೆಯ ಸದ್ದು ನಿಂತಿತ್ತು.

"ಕೂಸು ಹೋಗಿದ್ದು ಈ ಚಾಕಿಂದ ಅಂತಾಳಾ ನಿಮ್ಮವ್ವ?"

ನನ್ನ ಕಣ್ಣು ಹೊಸ್ತಿಲ ಮೇಲಿನ ಚಾಕಿಗೆ ಹೋಯಿತು. ಅದೇ ಉತ್ತರವಾಯಿತು.

"ಆ ಕೂಸು ಇದೇ ಕೈ ಮೇಲೆ ಹೋಯ್ತು. ಡಾಕ್ಟರ ಮನಿಗೆ ಇದೇ ಕೈಯಾಗೆ ಹೊತ್ಕಂಡು ಓಡಿದೆ. ನಿಮ್ಮವ್ವ ಇದ್ಲಾ ಅಲ್ಲಿ? ನೀ ಇದ್ಯಾ?" ಅವನ ದನಿ ಏರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. "ನಾ ಕೊಟ್ಟಿದ್ದು ಬ್ಯಾಡ ಅಂದ್ಮೇಲೆ ನನ್ನ ಹೆಂಡ್ತಿ ಎಂತಕ್ಕೆ ಬೇಕು ಅವಳಿಗೆ? ಕನ್ನೆ ಎಲ್ಲೂ ಬರೂದಿಲ್ಲ. ನೀ ನಾಳೆ ಬಸ್ ಹತ್ತು."

ಚಾಕನ್ನು ದಾಟಿಕೊಂಡು ಒಳಗೆ ಹೋದ. ಅಂದು ಮೂವರೂ ಉಣ್ಣಲಿಲ್ಲ. ಅಕ್ಕನನ್ನು ಕರೆತರಲು ಹೋದ ನಾನೇ ಅವಳು ಬರದ ಹಾಗೆ ಮಾಡಿ ಕೂತೆನಲ್ಲ ಎಂದು ನನ್ನ ಮೇಲೇ ರೋಸಿಹೋಯಿತು.

ಮಡಗಾಂವ, ಕೊನೆಯ ದಿನ

ಬೆಳಿಗ್ಗೆ ಗೆಜ್ಜೆಯ ಸದ್ದಿಗೆ ಎಚ್ಚರವಾಯಿತು. ಭೂತವೋ ದೇವರೋ ಬೀದಿಗೆ ಬಂದಿದೆ ಎಂದು ಎದ್ದು ನೋಡಿದರೆ ರೊಟ್ಟಿ ಮಾರುವವನು. ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು, ಕುಟ್ಟುತ್ತ ಹೋಗುತ್ತಾನೆ. ಜನ ಮುಖವನ್ನೂ ತೊಳೆಯದೆ ಬಂದು ಬಿಸಿ ರೊಟ್ಟಿ ಕೊಳ್ಳುತ್ತಾರೆ. ನಮ್ಮಲ್ಲಿ ಆ ಹೊತ್ತಿಗೆ ದೋಸೆ ಹಿಟ್ಟೂ ಎದ್ದಿರುವುದಿಲ್ಲ. ಬೇರೆ ದಿನವಾಗಿದ್ದರೆ ಇದನ್ನೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದೆ. ಆದರೆ ಪರವಾನಗಿಯ ಕೊನೆಯ ದಿನ ಅದೇ. ಭಾವ ಬೆಳಕು ಹರಿಯುವ ಮೊದಲೇ ಲಾರಿಗೆ ಹೋಗಿದ್ದ. ಹೊಸ್ತಿಲ ಮೇಲಿನ ಚಾಕೂ ಇರಲಿಲ್ಲ.

ಅಕ್ಕ ಮಾತ್ರ ತನ್ನ ಟ್ರಂಕು ತುಂಬುತ್ತಿದ್ದಳು.

"ಭಾವ ಬ್ಯಾಡ ಅಂದ್ರಲೆ?"

"ಅವ್ರು ಅಂದ್ರು. ನಾ ಅಂದ್ನಾ?" ಎಂದಳು. ಮಡಚಿದ ಸೀರೆಯನ್ನು ಟ್ರಂಕಿನ ತಳಕ್ಕೆ ಒತ್ತಿದಳು. "ಹೋದ ಸಲ ಇದೇ ಕೋಣೇಲಿ ಒಬ್ಳೇ ಕೂಗಿದೆ ತಮಾ. ಈ ಸಲ ನಂಗೆ ಅವ್ವ ಬೇಕು."

ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಹಿತ್ತಿಲ ಬಳಿ ಲಾರಿ ನಿಂತ ಸದ್ದಾಯಿತು. ಧಣಿಯನ್ನು ಕೇಳಿ ಅರ್ಧ ದಿನಕ್ಕೆ ಭಾವ ಲಾರಿಯನ್ನೇ ತಂದಿದ್ದ. ನನ್ನ ಮುಖ ನೋಡಲಿಲ್ಲ. ಟ್ರಂಕನ್ನು ಎತ್ತಿ ಒಳಗಿಟ್ಟ, ಸೀಟಿನ ಮೇಲೆ ಹಾಸಿಗೆ ಹಾಸಿ ಅಕ್ಕನನ್ನು ಹತ್ತಿಸಿದ. ಆಮೇಲೆ ಸ್ಟೇರಿಂಗಿಗೆ ಮಾತಾಡುವ ಹಾಗೆ ಹೇಳಿದ:

"ನಿನ್ನೆ ಸಂಜೆಯಿಂದ ಇವಳು ಉಂಡಿಲ್ಲ. ನಿಮ್ಮವ್ವನ ಸಲುವಾಗಿ ಅಲ್ಲ ನಾ ಬಿಡೂದು."

"ಆಗ್ಲಿ ಭಾವ."

"ಕಬ್ಬಿಣ ಇಲ್ದೇ ಹೊಳೆ ದಾಟಸ್ತ್ಯಾ ಇವಳನ್ನ?"

"ಇಲ್ಲ. ಅವ್ವ ಹೊಸದು ತಗಳೂಕೆ ಹೇಳ್ಯಾಳೆ. ನಾನೇ ಆರಿಸಿ ತಗಳಬೇಕಂತೆ."

ಅವನು ಬಿಟ್ಟ ಉಸಿರಿನ ಸದ್ದು ಎಂಜಿನ್ನಿಗಿಂತ ಜೋರಾಗಿತ್ತು. ಲಾರಿ ಪೇಟೆಯ ಕಡೆ ತಿರುಗಿತು.

ಊರಿಗೆ ಊರೇ ಮಲಗಿದ ಹೊತ್ತು

ಪೇಟೆಗೆ ಬಂದರೆ ಸಾಲು ಸಾಲು ಅಂಗಡಿಗಳು ಮುಚ್ಚಿವೆ. ಶಿರಸಿಯಲ್ಲಿ ನಡುಹಗಲು ಒಂದು ಅಂಗಡಿ ಮುಚ್ಚಿದ್ದರೂ ಯಾರು ತೀರಿಕೊಂಡರು ಎಂದು ಕೇಳುತ್ತಾರೆ. ಇಲ್ಲಿ ಇಡೀ ಪೇಟೆ ಸತ್ತ ಹಾಗಿತ್ತು. ಊಟ ಮಾಡಿ ಮಲಗುತ್ತಾರೆ, ಮೂರು ಗಂಟೆಯ ತನಕ ದೇವರು ಬಂದರೂ ಏಳುವುದಿಲ್ಲ ಎಂದು ಅಕ್ಕ ಹೇಳಿದಳು. ಚಾಕುಗಳಿರುವ ಅಂಗಡಿ ಒಂದೇ, ಅದರ ಯಜಮಾನ ಮಾಳಿಗೆಯ ಮೇಲೆ ಮಲಗಿದ್ದ. ಅವನ ಗೊರಕೆ ಬೀದಿಗೆ ಕೇಳುತ್ತಿತ್ತು. ನಾನು ಬಾಗಿಲು ತಟ್ಟಿದೆ, ಕೂಗಿದೆ. ಮೇಲಿನ ಕಿಟಕಿ ತೆರೆದು ಒಂದು ಹೆಂಗಸು ಬೆರಳನ್ನು ತುಟಿಗೆ ಇಟ್ಟು ಮತ್ತೆ ಕಿಟಕಿ ಮುಚ್ಚಿದಳು.

ಮುಂದೆ ಘಟ್ಟವಿದೆ, ಎರಡು ಹೊಳೆಗಳಿವೆ, ಹೊತ್ತು ಮುಳುಗಿದರೆ ಗಡಿ ಮುಚ್ಚುತ್ತದೆ. ಅಕ್ಕ ಬಿಸಿಲಿಗೆ ಕಾದ ಲಾರಿಯೊಳಗೆ ಬೆವರು ಒರೆಸಿಕೊಳ್ಳುತ್ತ ಕೂತಿದ್ದಳು. ಭಾವ ರಸ್ತೆಯಲ್ಲಿ ಆ ಕಡೆ ಈ ಕಡೆ ನಡೆದಾಡುತ್ತಿದ್ದ. ಚಾಕು ಬೇಡ, ಹೊರಟುಬಿಡೋಣ ಎಂದು ಯಾರಾದರೂ ಹೇಳಲಿ ಎಂದು ನಾನು ಕಾದೆ. ಯಾರೂ ಹೇಳಲಿಲ್ಲ. ಭಾವನೂ ಹೇಳಲಿಲ್ಲ.

ಕೊನೆಗೆ ಅಂಗಡಿಯವನು ಬಂದ. ಮುಖ ತೊಳೆದು, ತಲೆ ಬಾಚಿ, ಮದುವೆಗೆ ಹೊರಟವನ ನಿಧಾನದಲ್ಲಿ ಒಂದೊಂದೇ ಹಲಗೆ ತೆಗೆದ. ಕೊಂಕಣಿಯಲ್ಲಿ ನನಗೆ ಬಂದಷ್ಟು, ಕಿಸೆಯಲ್ಲಿಡುವ ಚಾಕು ಬೇಕು, ಬೇಗ ಎಂದೆ. ಗಲ್ಲಾದ ಕೆಳಗಿನ ಖಾನೆ ಎಳೆದ. ನಾನು ಅವಸರ ಮರೆತೆ. ಇಷ್ಟು ಚಾಕುಗಳನ್ನು ಒಟ್ಟಿಗೆ ನಾನು ಕಂಡಿರಲಿಲ್ಲ. ನಮ್ಮ ಕಡೆ ಆಗ ಪರದೇಶದ ಬ್ಲೇಡು ಸಿಗುವುದೂ ಕಷ್ಟ. ಇಲ್ಲಿ ಕೊಂಬಿನ ಹಿಡಿಯವು, ಮರದ ಹಿಡಿಯವು, ಎಲುಬಿನವು, ಬಣ್ಣದವು ಎಲ್ಲ ಇದ್ದವು.

ಅಂಗಡಿಯವನು ಒಂದನ್ನು ಬಿಚ್ಚಿ, ಹಿಡಿ ನನ್ನ ಕಡೆ ಮಾಡಿ, ಕೈಗೇ ಚಾಚಿದ. ನನ್ನ ಕೈ ಮುಂದೆ ಹೋಗಲಿಲ್ಲ. ಗಲ್ಲಾದ ಮೇಲಿಡಿ ಎಂದೆ. ಅವನು ಇನ್ನೊಂದನ್ನು ಚಾಚಿದ. ಮತ್ತೆ ಅದೇ ಮಾತು. ತನ್ನ ಕೈ ಕೊಳಕೆಂದು ನಾನು ಮುಟ್ಟುತ್ತಿಲ್ಲವೆಂದು ಬಗೆದನೋ ಏನೋ, ಹುಬ್ಬು ಗಂಟಿಕ್ಕಿ ಖಾನೆಯನ್ನೇ ಎತ್ತಿ ನನ್ನ ಮುಂದೆ ಕುಕ್ಕಿ, ಹಿಂದೆ ಸರಿದು ನಿಂತ. ಭಾವ ಬಾಗಿಲಿಗೆ ಒರಗಿ ನೋಡುತ್ತಿದ್ದ. ಅವನ ಕಣ್ಣು ನನ್ನ ಬೆನ್ನಿಗೆ ತಾಗುತ್ತಿತ್ತು.

ನನ್ನ ಕಣ್ಣು ಮಾತ್ರ ಒಂದು ಕೆಂಪು ಚಾಕಿನ ಮೇಲೆ ಬಿದ್ದಿತ್ತು. ಅದರೊಳಗೆ ಕತ್ತರಿ, ಡಬ್ಬಿ ತೆರೆಯುವ ಕೊಕ್ಕೆ, ಹಲ್ಲುಕಡ್ಡಿ, ಸೀಸೆಯ ಬಿರಡೆ ಎಳೆಯುವ ಸುರುಳಿ. ಕೋಲಸಿರ್ಸಿಯಲ್ಲಿ ಬಿರಡೆ ಎಳೆಯುವಂಥ ಸೀಸೆ ಸಾಮಾನ್ಯವಾಗಿ ಇರುವುದು ಸೀಮೆಎಣ್ಣೆಯದು, ಅದರ ಬಿರಡೆ ಬಾಳೆಲೆಯದು. ಆದರೂ ಮನಸ್ಸು ಅದಕ್ಕೇ ಅಂಟಿತು. ಸಿದ್ದಾಪುರದ ಪೇಟೆಯಲ್ಲಿ ಅದನ್ನು ಬಿಚ್ಚಿ ನಿಂತರೆ ಜಾತ್ರೆ ಸೇರುತ್ತದೆ ಎಂದು ಲೆಕ್ಕ ಹಾಕಿದೆ. ಕಿಸೆಗೆ ಹಾಕಿ ನೋಡಿದೆ, ಕಲ್ಲು ಹಾಕಿಕೊಂಡ ಹಾಗೆ ಜಗ್ಗಿತು. ದೊಡ್ಡ ಅಲಗು ತೆಗೆಯಲು ಹೋದರೆ ಪಕ್ಕದ ಕತ್ತರಿಯೂ ಜೊತೆಗೇ ಎದ್ದಿತು. ಆದರೂ ದುಡ್ಡಿನ ಚೀಲಕ್ಕೆ ಕೈ ಹಾಕಿದೆ.

"ಅದು ಚಾಕಲ್ಲ, ಡ್ರೈವರನ ಪೆಟ್ಟಿಗೆ," ಎಂದ ಭಾವ. ನಿನ್ನೆಯಿಂದ ನನ್ನನ್ನು ಉದ್ದೇಶಿಸಿ ಆಡಿದ ಮೊದಲ ಸಮಾಧಾನದ ಮಾತು ಅದು. ಅವನಿಗೆ ತಡೆದುಕೊಳ್ಳಲು ಆಗಲಿಲ್ಲ, ಹತ್ತಿರ ಬಂದ. "ದಿನಾ ಗೋಣಿ ಬಿಚ್ಚವ ನೀನು. ಒಂದು ಕೈಯಲ್ಲಿ ಗೋಣಿ ಬಾಯಿ ಹಿಡದಿರ್ತೀ. ಇನ್ನೊಂದು ಕೈಯ ಉಗುರಿಗೆ ಅಲಗು ಸಿಕ್ಕಬೇಕು."

ಖಾನೆಯೊಳಗೆ ಬೆರಳಾಡಿಸಿ ಕೊಂಬಿನ ಹಿಡಿಯ ಒಂದು ಚಾಕು ತೆಗೆದ. ಮುಚ್ಚಿದ ಚಾಕನ್ನು ಬೆಳಕಿಗೆ ಹಿಡಿದು ಸಂದಿಯಿದೆಯೇ ನೋಡಿದ. ಮೂರು ಅಲಗುಗಳನ್ನೂ ಒಂದೊಂದಾಗಿ ತೆರೆದು, ಅಲುಗಾಡುತ್ತದೆಯೇ ಎಂದು ಬದಿಗೆ ಒತ್ತಿದ. ಕಿವಿಯ ಹತ್ತಿರ ಹಿಡಿದು ಮುಚ್ಚಿದ. ಟಕ್ಕೆಂದು ಗಟ್ಟಿಯಾಗಿ ಸದ್ದಾಯಿತು. ಒಂದು ದೊಡ್ಡ ಅಲಗು, ಪೆನ್ಸಿಲ್ಲಿಗೆ ತಕ್ಕ ಒಂದು ಸಣ್ಣ ಅಲಗು, ಮೂರನೆಯದು ತುದಿ ಮೊಂಡಾದ ನೇರ ಬಾಯಿಯದು. ಗೋಣಿಯ ಹೊಲಿಗೆಗೆ ಇದನ್ನು ತೂರಿಸಿದರೆ ಒಳಗಿನ ಕಾಳಿಗೂ ಗೋಣಿಗೂ ಚುಚ್ಚುವುದಿಲ್ಲ. ನನಗೆ ಬೇಕಾದದ್ದೇ ಅದು. ಹಳೆಯ ಚಾಕಿನಲ್ಲಿ ಆ ಅಲಗು ಇರಲಿಲ್ಲವೆಂದು ಇಷ್ಟು ವರ್ಷ ಗೊಣಗಿದ್ದೆ.

ನಾನು ಅಭ್ಯಾಸದಂತೆ ಭಾವನ ಕಡೆ ಕೈ ಚಾಚಿದೆ. ಚಾಚಿದ ಮೇಲೆ ಅವ್ವನ ಮಾತು ನೆನಪಾಯಿತು. ಅವನು ನನ್ನ ಅಂಗೈಯನ್ನು ಒಂದು ಕ್ಷಣ ನೋಡಿದ. ಆಮೇಲೆ ಚಾಕನ್ನು ಮುಚ್ಚಿ, ಗಲ್ಲಾದ ಮೇಲಿಟ್ಟು, ಒಂದೇ ಬೆರಳಿನಿಂದ ಮೆಲ್ಲಗೆ ನನ್ನ ಕಡೆ ನೂಕಿದ. ದುಡ್ಡು ನಾನೇ ಕೊಟ್ಟೆ.

ಪೊಳೆಂ ಠಾಣೆ

ಲಾರಿ ಘಟ್ಟ ಏರಿ ಇಳಿಯಿತು. ಪ್ರತಿ ತಿರುವಿನಲ್ಲೂ ಅಕ್ಕ ಕಣ್ಣು ಮುಚ್ಚಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಭಾವ ಓಡಿಸಲೂ ಹೆದರುತ್ತಿದ್ದ, ನಿಧಾನ ಮಾಡಲೂ ಹೆದರುತ್ತಿದ್ದ. ಮೊದಲ ಹೊಳೆಯಲ್ಲಿ ಲಾರಿ ಸಾಗಿಸುವ ಜೋಡಿದೋಣಿ ಆಚೆ ದಡದಲ್ಲಿತ್ತು. ಅಂಬಿಗ ಬೀಡಿ ಹಚ್ಚಿ ಮುಗಿಸಿದ ಮೇಲೇ ಈಚೆ ಬಂದ. ನಾನು ಅವನನ್ನು ಮನಸ್ಸಿನಲ್ಲೇ ಬೈದ ಬೈಗುಳ ಇಲ್ಲಿ ಬರೆಯುವಂಥದಲ್ಲ. ಎರಡನೆಯ ಹೊಳೆ ದಾಟುವಾಗ ಬಿಸಿಲು ಹಳದಿಯಾಗಿತ್ತು.

ಠಾಣೆಯ ತಿರುವಿನ ಹಿಂದೆಯೇ ಭಾವ ಲಾರಿ ನಿಲ್ಲಿಸಿದ. ಅವನು ಮುಂದೆ ಬರುವಂತಿರಲಿಲ್ಲ. ಅಕ್ಕನನ್ನು ಇಳಿಸಿ, ಅವಳ ಸೆರಗು ಸರಿಮಾಡಿ, "ಹೋಗಿ ಬಾ" ಎಂದ. ಅಷ್ಟೇ. ನಾವು ತಿರುವು ದಾಟುವ ತನಕ ಅವನು ಬಾನೆಟ್ಟಿನ ಮೇಲೆ ಕೈ ಇಟ್ಟು ನಿಂತಿದ್ದ.

ಠಾಣೆಯಲ್ಲಿ ಅದೇ ಮೂಗು ಸುಲಿದ ಪಾಕ್ಲೊ ಇದ್ದ, ಜೊತೆಗೆ ಕೊಂಕಣಿ ಮಾತಾಡುವ ಒಬ್ಬ ಪೋಲೀಸ. ಅಕ್ಕನ ಟ್ರಂಕನ್ನು ಬುಡಮೇಲು ಮಾಡಿದರು. ಕೂಸಿಗೆಂದು ಅವಳು ಹೊಲಿದ ಕುಲಾವಿಯನ್ನು ಮಣ್ಣಿನಿಂದ ಎತ್ತಿಕೊಂಡದ್ದು ನಾನೇ. ಆಮೇಲೆ ಸಿಪಾಯಿ ನನ್ನ ಕಿಸೆಯ ಮೇಲೆ ತಟ್ಟಿದ. ಅವನ ಕೈ ನಿಂತಿತು. ಎರಡು ಹೆಜ್ಜೆ ಹಿಂದೆ ಸರಿದು ಏನೋ ಗದರಿದ.

"ಸುರಿ. ಹಾತಾಂತ ದಿ," ಎಂದ ಪೋಲೀಸ. ಚಾಕು ಕೈಗೆ ಕೊಡು.

ಸಿಪಾಯಿ ಕೈ ಚಾಚಿ ನಿಂತಿದ್ದ. ನಾನು ಚಾಕು ಹೊರಗೆ ತೆಗೆದೆ. ಆಮೇಲೆ ಏನು ಮಾಡಿದೆನೋ ಅದನ್ನು ನನ್ನ ಬುದ್ಧಿ ಮಾಡಲಿಲ್ಲ, ಹುಟ್ಟಿದಾಗಿನಿಂದ ಕಲಿತ ಮೈ ಮಾಡಿತು. ಬಗ್ಗಿ ಅವನ ಬೂಟಿನ ಮುಂದೆ ನೆಲದ ಮೇಲೆ ಚಾಕು ಇಟ್ಟು ಸರಿದು ನಿಂತೆ.

ಅವನ ಮುಖ ಕೆಂಪಾಯಿತು. ಕೊಡು ಎಂದರೆ ಕಾಲಿನ ಬಳಿ ಎಸೆಯುತ್ತಾನೆ, ತನ್ನನ್ನು ಬಗ್ಗಿಸಿ ಗೇಲಿ ಮಾಡುತ್ತಾನೆ ಎಂದುಕೊಂಡಿರಬೇಕು. ಬಂದೂಕು ಹೆಗಲಿನಿಂದ ಕೈಗೆ ಬಂತು. ಎತ್ತು ಎಂದು ಬಂದೂಕಿನ ತುದಿಯಿಂದಲೇ ತೋರಿಸಿದ. ನಾನು ಎತ್ತಿದೆ. ಅವನು ಮತ್ತೆ ಅಂಗೈ ಚಾಚಿದ. ಇನ್ನೊಮ್ಮೆ ನನ್ನ ಕೈ ತಾನಾಗಿಯೇ ನೆಲಕ್ಕೆ ಇಳಿಯಿತು. ಈಗ ನೆನೆದರೆ ನಗು ಬರುತ್ತದೆ. ಆಗ ಬಂದೂಕಿನ ಬಾಯಿ ಬಿಟ್ಟು ನನಗೆ ಬೇರೇನೂ ಕಾಣುತ್ತಿರಲಿಲ್ಲ. ಗುಂಡು ಹಾರಿಸುವ ಮುಂಚೆ ಬಂದೂಕಿನ ಕುದುರೆ ಎಳೆಯುವ ಸದ್ದು ಬಂತು.

"ಅತ್ಲಾಗೆ ಸರಿ ತಮಾ," ಎಂದಳು ಅಕ್ಕ.

ಒಂದು ಕೈ ಸೊಂಟಕ್ಕೆ ಕೊಟ್ಟು, ಮಂಡಿ ಅಗಲಿಸಿ, ಆ ಹೊಟ್ಟೆ ಹೊತ್ತುಕೊಂಡು ಅವಳು ಬಗ್ಗಿದಳು. ಪೋಲೀಸನೂ ಅಯ್ಯೋ ಎಂಬಂತೆ ಒಂದು ಹೆಜ್ಜೆ ಮುಂದೆ ಇಟ್ಟ. ಅಕ್ಕ ಚಾಕನ್ನು ಎತ್ತಿ, ನೆಟ್ಟಗೆ ನಿಂತು, ಸಿಪಾಯಿಯ ಅಂಗೈಯಲ್ಲೇ ಇಟ್ಟಳು. ಭಾವ ಮದುವೆಯಲ್ಲಿ ಮಾಡಿದ ಹಾಗೆ ಅವನ ಬೆರಳನ್ನೂ ಮಡಚಿದಳು.

"ಅಕ್ಕಾ, ಕೈಗೆ..." ಎಂದೆ.

"ಕೈಗೇ ಕೊಟ್ಟೆ. ಇವನ ಸಂತಿಗೆ ಯಾವ ನೆಂಟಸ್ತನ ಉಳಿಸ್ಕಳೂದದೆ ನಂಗೆ? ಕಡದು ಹೋಗ್ಲಿ."

ಸಿಪಾಯಿಗೆ ಅದು ತಿಳಿಯಲಿಲ್ಲ. ಪೋಲೀಸನಿಗೆ ತಿಳಿಯಿತೋ ಏನೋ, ಮೀಸೆ ಒರೆಸಿಕೊಳ್ಳುತ್ತ ಆಚೆ ತಿರುಗಿದ. ಬಂದೂಕು ಮತ್ತೆ ಹೆಗಲಿಗೆ ಹೋಯಿತು. ಸಿಪಾಯಿ ಚಾಕಿನ ಮೂರೂ ಅಲಗು ತೆರೆದ, ತಲೆದೂಗಿದ. ಸಣ್ಣ ಅಲಗಿನಿಂದ ತನ್ನ ಹೆಬ್ಬೆರಳಿನ ಉಗುರಿನ ಕೊಳೆ ತೆಗೆಯತೊಡಗಿದ. ಒಂದು ಬೆರಳಾಯಿತು, ಇನ್ನೊಂದಾಯಿತು. ಹೊಸ ಚಾಕಿನ ಮೊದಲ ಕೆಲಸ ಅದಾಯಿತಲ್ಲ ಎಂದು ಆ ಹೆದರಿಕೆಯಲ್ಲೂ ನನಗೆ ಉರಿಯಿತು. ಸಮುದ್ರದ ಕಡೆ ಸೂರ್ಯ ನೀರಿಗೆ ಮುಟ್ಟಿದ್ದ. ಅವನು ಅದನ್ನು ತನ್ನ ಕಿಸೆಗೇ ಹಾಕುತ್ತಾನೆ, ಅಕ್ಕ ಕಬ್ಬಿಣವಿಲ್ಲದೆ ದಾಟಬೇಕಾಗುತ್ತದೆ ಎಂದೇ ಎಣಿಸಿದೆ. ಎರಡು ಕೈಯ ಉಗುರೂ ಮುಗಿದ ಮೇಲೆ ಚಾಕು ಮುಚ್ಚಿ ಅಕ್ಕನ ಕಡೆ ಚಾಚಿದ. ಅವಳು ತೆಗೆದುಕೊಂಡಳು. ಹಿಂತಿರುಗಿ ನೋಡದೆ ನಡೆದೆವು. ಸ್ವಲ್ಪ ದೂರ ಹೋಗಿ ಅವಳು ಚಾಕನ್ನು ಟ್ರಂಕಿನ ಮೇಲಿಟ್ಟಳು, ನಾನು ಎತ್ತಿಕೊಂಡೆ.

ಮಾಜಾಳಿಯ ನಮ್ಮ ಠಾಣೆಯಲ್ಲೂ ಅದೇ ಪ್ರಶ್ನೆ, ಪರದೇಶದ ಸಾಮಾನೇನು ಎಂದು. ನಾನು ಚಾಕನ್ನು ಮೇಜಿನ ಮೇಲಿಟ್ಟೆ. ಅಲ್ಲಿದ್ದ ಅಧಿಕಾರಿ ಮೇಜಿನಿಂದ ಎತ್ತಿ ನೋಡಿ, "ಸ್ವಂತಕ್ಕೆ ಬಳಸೂಕೆ, ಇದೊಂದೇ ಅಲ್ವಾ?" ಎಂದು ಕೇಳಿ, ಮತ್ತೆ ಮೇಜಿನ ಮೇಲೇ ಇಟ್ಟು ಬೆರಳಿನಿಂದ ಸರಿಸಿದ. ಅವನ ಹೆಸರೂ ನನಗೆ ತಿಳಿಯದು. ಆದರೆ ಅವನ ಕಾಲಿಗೆ ಬೀಳೋಣ ಎನ್ನುವಷ್ಟು ಪ್ರೀತಿ ಬಂತು. ಗಡಿಯ ಕಲ್ಲು ದಾಟಿದಾಗಲ್ಲ, ಆ ಮೇಜಿನ ಮುಂದೆ ನನಗೆ ನಮ್ಮ ದೇಶ ಬಂತು.

ಯಲ್ಲಾಪುರ

ಕುಮಟೆಯ ದಾರಿಯಲ್ಲಿ ಇನ್ನೊಂದು ಹೊಳೆ ದಾಟಬೇಕೆಂದು, ಮರುದಿನ ಅಂಕೋಲೆಯಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರಕ್ಕೆ ಬಂದೆವು. ಘಟ್ಟದ ನಡುವೆ ಅಕ್ಕ ನನ್ನ ತೋಳು ಹಿಡಿದು, ನೋವು ಎಂದಳು. ನಾನು ಬಸ್ಸು ನಿಲ್ಲಿಸಲು ಕೂಗಿದೆ. ಹಿಂದಿನ ಸೀಟಿನ ಒಬ್ಬ ಹೆಂಗಸು ಎದ್ದು ಬಂದು ಹೊಟ್ಟೆ ಮುಟ್ಟಿ ನೋಡಿ, "ಎಂತದೂ ಇಲ್ಲೆ ತಂಗೀ. ಹಸಿವಿನ ನೋವು ಇದು. ನಿನ್ನೆಯಿಂದ ಎಂತ ತಿಂದೆ?" ಎಂದಳು. ಮೊನ್ನೆಯಿಂದಲೂ ಅವಳು ಸರಿಯಾಗಿ ತಿಂದಿರಲಿಲ್ಲ.

ಯಲ್ಲಾಪುರದಲ್ಲಿ ಬಸ್ಸು ಬದಲಿಸುವಾಗ ಹಣ್ಣಿನ ಗಾಡಿಯಿಂದ ಒಂದು ಅನಾನಸು ಕೊಳ್ಳಹೋದೆ. ಬಸುರಿಗೆ ಅನಾನಸು ಕೊಡುತ್ತೀಯೋ ಎಂದು ಆ ಹೆಂಗಸೇ ನನ್ನನ್ನು ಗದರಿ, ಬಾಳೆಹಣ್ಣಿನ ಗೊನೆಯ ಕಡೆ ಬೆರಳು ಮಾಡಿದಳು. ಹೊಸ ಚಾಕಿನ ದೊಡ್ಡ ಅಲಗು ಮೊದಲು ಇಳಿದದ್ದು ಆ ಬಾಳೆಯ ಚಿಪ್ಪಿಗೆ. ಅಕ್ಕ ಐದು ಹಣ್ಣು ತಿಂದು, ಆರನೆಯದನ್ನು ನನಗೆ ಕೊಟ್ಟಳು.

ಮತ್ತೆ ಕೋಲಸಿರ್ಸಿ

ಅವ್ವ ಬೇಲಿಯ ದಣಪೆಯ ಹತ್ತಿರವೇ ನಿಂತಿದ್ದಳು. ಅಕ್ಕನನ್ನು ಒಳಗೆ ಕೂರಿಸಿ, ಕಾಲಿಗೆ ನೀರು ಕೊಟ್ಟು, ಅತ್ತು ಮುಗಿಸಿದ ಮೇಲೆ ನನ್ನ ಕಡೆ ತಿರುಗಿದಳು. ಅವಳು ಕೇಳುವ ಮೊದಲೇ ನಾನು ಚಾಕನ್ನು ನೆಲದ ಮೇಲಿಟ್ಟೆ. ಎತ್ತಿ, ಮೂರು ಅಲಗುಗಳನ್ನೂ ತೆರೆದು ನೋಡಿದಳು.

"ನೀ ಆರಿಸಿದ್ದಲ್ಲ ಇದು. ನೀನಾದ್ರೆ ಬಣ್ಣದ್ದು ತರ್ತಿದ್ದೆ."

"ಭಾವ ಆರಿಸಿದ್ದು."

"ಕೈಗೆ ಕೊಟ್ನಾ?"

"ಇಲ್ಲ. ಗಲ್ಲಾದ ಮೇಲಿಟ್ಟು ನೂಕಿದ." ಆಮೇಲೆ ಹೊಸ್ತಿಲ ಹತ್ತಿರ ಅವನು ಹೇಳಿದ್ದನ್ನೂ ಹೇಳಿದೆ. ಕೂಸನ್ನು ಹೊತ್ತುಕೊಂಡು ಓಡಿದ್ದನ್ನು ಹೇಳಿದೆ. ಅವ್ವನಿಗೆ ಆ ಸಂಗತಿ ಯಾರೂ ಹೇಳಿರಲಿಲ್ಲ. ಚಾಕು ಮುಚ್ಚಿ ನೆಲದ ಮೇಲಿಟ್ಟು, ಬಚ್ಚಲಿನ ಕಡೆ ಎದ್ದು ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಮಳೆಗಾಲದಲ್ಲಿ ಅಕ್ಕ ಹೆತ್ತಳು. ಗಂಡು ಕೂಸು, ಕೂಗಿದರೆ ಪಕ್ಕದ ಮನೆಯ ದನ ಏಳಬೇಕು. ಅದೇ ಚಳಿಗಾಲದಲ್ಲಿ ಗೋವೆಯ ಗಡಿಯೇ ಇಲ್ಲವಾಯಿತು. ಸುದ್ದಿ ಸಿದ್ದಾಪುರಕ್ಕೆ ಮುಟ್ಟಿ ವಾರಗಳೊಳಗೆ ಭಾವ ಬಂದ. ಪರವಾನಗಿ ಕೇಳುವವರೇ ಇರಲಿಲ್ಲವಂತೆ. ಪೊಳೆಂ ಠಾಣೆಯ ಬಾಗಿಲು ಹಾರುಹೊಡೆದಿತ್ತಂತೆ, ಒಳಗೆ ಒಂದು ಮುರುಕು ಕುರ್ಚಿ ಮಾತ್ರ ಇತ್ತಂತೆ.

"ನಾ ಅವತ್ತೇ ಕೈಯಾರೆ ಕೊಟ್ಟು ಬಂದಿದ್ದೆ," ಎಂದಳು ಅಕ್ಕ, ಗಡಿ ತೆಗೆದದ್ದು ತಾನೇ ಎನ್ನುವ ಹಾಗೆ. ಇಂದಿಗೂ ಹಾಗೇ ಎನ್ನುತ್ತಾಳೆ.

ಭಾವ ಜಗಲಿಯ ತುದಿಯಲ್ಲಿ ಕೂತಿದ್ದ, ಒಳಗೆ ಬರಲು ಅವನಿಗೆ ಧೈರ್ಯ ಸಾಲಲಿಲ್ಲ. ಕಿಸೆಯಿಂದ ಆ ಹಳೆಯ ಎರಡಲಗಿನ ಚಾಕು ತೆಗೆದು ತಾನಾಗಿಯೇ ನೆಲದ ಮೇಲಿಟ್ಟು, ತಲೆ ತಗ್ಗಿಸಿ ಕೂತ. ಅವ್ವ ಒಳಗಿನಿಂದ ಬಂದಳು. ಚಾಕಿನ ಕಡೆ ನೋಡಲೂ ಇಲ್ಲ. ಸೊಂಟದ ಮೇಲಿದ್ದ ಕೂಸನ್ನು ಎತ್ತಿ, ನೇರವಾಗಿ ಅವನ ಎರಡೂ ಕೈಯಲ್ಲಿ ಇಟ್ಟಳು.

"ಹಿಡಿ," ಎಂದಳು. "ಇದನ್ನ ಕೈಯಿಂದ ಕೈಗೇ ಕೊಡಬೇಕು."